ಇಪ್ಪತ್ತೆಂಟು ಕಿಟಕಿಗಳ ಪೋರ್ಚುಗೀಸ್

ಪರದೆ ಬಟ್ಟೆ ಮಾರುವವನಿಗೆ ಬೋಳು ಕಿಟಕಿ ಕಂಡರೆ ಹಸಿದವನಿಗೆ ತುಂಬಿದ ತಟ್ಟೆ ಕಂಡಂತೆ. ಬೀದಿಯವರೆಲ್ಲ ಪರದೆಯಪ್ಪ ಎಂದು ಕರೆಯುತ್ತಿದ್ದ ನಮ್ಮ ವ್ಯಾಪಾರಿಯ ಅಂಗಡಿಯ ಎದುರಿಗೇ ಅಂಥ ಇಪ್ಪತ್ತೆಂಟು ಕಿಟಕಿಗಳು ಎದ್ದು ನಿಂತಿದ್ದವು. ಹಡಗು ರಿಪೇರಿ ಕಂಪನಿ ಕಟ್ಟಿಸಿದ ಹೊಸ ಮನೆಗಳು. ಬಂದಿಳಿದ ಸಂಸಾರಗಳೆಲ್ಲ ಪೋರ್ಚುಗೀಸ್ ಮಾತಾಡುವವು.

ಆ ಕಿಟಕಿಗಳು ಕೈತಪ್ಪಿದರೆ ಮುಂದೇನು ಎಂಬುದೂ ಆಗಲೇ ಗೊತ್ತಾಗಿತ್ತು. ಮೂಲೆಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಇಟ್ಟಿದ್ದ ಭಾವಮೈದುನ ಬಂದು ಕರುಣೆ ಸುರಿಸಿ ಹೋಗಿದ್ದ. "ಭಾವ, ಯಾಕೆ ಸುಮ್ನೆ ಒದ್ದಾಡ್ತೀರಿ? ಶಟರ್ ಎಳೆದು ನಮ್ಮಲ್ಲಿಗೆ ಬಂದ್ಬಿಡಿ. ಬಟ್ಟೆ ಅಳೆಯೋಕೆ ಅಂತ ಒಂದು ಸ್ಟೂಲ್ ತೆಗೆದಿಟ್ಟಿದ್ದೀನಿ."

ಆ ಸ್ಟೂಲಿನ ಮೇಲೆ ಕೂರುವುದಕ್ಕಿಂತ ಹೊಸ ಭಾಷೆ ಕಲಿಯುವುದೇ ವಾಸಿ ಎಂದು ಪರದೆಯಪ್ಪ ಫುಟ್‌ಪಾತಿನಲ್ಲಿ ಒಂದು ಪುಸ್ತಕ ಕೊಂಡ. ಅದರಲ್ಲಿ ಉಚ್ಚಾರ ದಪ್ಪ ಅಕ್ಷರದಲ್ಲಿತ್ತು, ಅರ್ಥ ಇರುವೆ ಸಾಲಿನಂತಿತ್ತು. ಅವನು ದಪ್ಪ ಅಕ್ಷರಕ್ಕೇ ಜೋತುಬಿದ್ದ.

"ರೀ, ಅರ್ಥ ಓದಲ್ವಾ?" ಎಂದಳು ಹೆಂಡತಿ.

"ಮಗ್ಗಿ ಕಲಿಯುವಾಗ ಅರ್ಥ ಓದಿದ್ನಾ? ಇವತ್ತಿಗೂ ಹತ್ತೊಂಬತ್ತರ ಮಗ್ಗಿ ಗಡಗಡ ಹೇಳ್ತೀನಿ. ಮೊದ್ಲು ನಾಲಿಗೆ ಹೊರಳ್ಬೇಕು ಕಣೆ, ಅರ್ಥ ಹಿಂದಿನಿಂದ ಬರುತ್ತೆ."

"ಬರ್ಲಿ ಬಿಡಿ. ದಾರಿ ತಪ್ಪದೆ ಬಂದ್ರೆ ಸಾಕು."

ಪುಸ್ತಕ ಬರೆದ ಪುಣ್ಯಾತ್ಮ ಅದನ್ನು ಬರೆದದ್ದು ಪ್ರವಾಸಿಗರಿಗೆ, ಅಂದರೆ ಕೊಳ್ಳುವವರಿಗೆ. ಮಾರುವವನ ಮಾತು ಅದರಲ್ಲಿ ಒಂದೂ ಇರಲಿಲ್ಲ. ಪರದೆಯಪ್ಪ ಹಲ್ಲುಜ್ಜುವಾಗ, ಬಟ್ಟೆಯ ಥಾನು ಸುತ್ತುವಾಗ ಹದಿನೈದು ದಿನ ಗಿಣಿಪಾಠ ಒಪ್ಪಿಸಿದ.

ಹದಿನಾರನೆಯ ದಿನ ಎದುರುಮನೆಯ ದಪ್ಪ ಹೆಂಗಸು ಬಂದಳು. ಚೌಕಾಸಿಗೆ ಸೊಂಟ ಕಟ್ಟಿ ಬಂದ ಮುಖ ವ್ಯಾಪಾರಿಗೆ ಹತ್ತು ಮಾರು ದೂರದಿಂದಲೇ ತಿಳಿಯುತ್ತದೆ. ಎರಡು ವರ್ಷದಿಂದ ಯಾರೂ ಮೂಸಿ ನೋಡದ ಹಳದಿ ಹೂವಿನ ಬಟ್ಟೆಯನ್ನು ತಿಕ್ಕಿ, ಬೆಲೆಯ ಚೀಟಿ ನೋಡಿ ಅವಳು ಬಾಯಿ ತೆರೆಯುವಷ್ಟರಲ್ಲಿ ಇವನು ನುಗ್ಗಿದ.

"ಎ ಮುಯಿತು ಕಾರು!"

ತುಂಬಾ ದುಬಾರಿ ಎಂದರ್ಥ. ಅವಳು ಹೇಳಬೇಕೆಂದಿದ್ದದ್ದೂ ಅದನ್ನೇ. ಬಾಯಿ ಮುಚ್ಚಿದಳು.

ಬಾಯಿ ಮುಚ್ಚಿದ ಗಿರಾಕಿ ಅರ್ಧ ಒಪ್ಪಿದ ಗಿರಾಕಿ ಎಂದುಕೊಂಡು ಇವನು ಮುಂದಿನದನ್ನು ಬಿಟ್ಟ. "ಪೋದ್ ಫಜೇರ್ ಮೈಶ್ ಬರಾತು?" ಸ್ವಲ್ಪ ಕಡಿಮೆ ಮಾಡಿಕೊಡುತ್ತೀರಾ ಎಂದು ಗಿರಾಕಿಯನ್ನೇ ಅಂಗಲಾಚಿದ ಹಾಗಾಯಿತು.

ಚೌಕಾಸಿ ಎಂದರೆ ಹಗ್ಗ ಜಗ್ಗಾಟ. ಎದುರಾಳಿಯೇ ಬಂದು ನಿಮ್ಮ ಪಕ್ಕದಲ್ಲಿ ಹಗ್ಗ ಹಿಡಿದರೆ ಎಳೆಯುವುದು ಯಾರನ್ನು? ಆಟ ಬಲ್ಲ ಹೆಂಗಸು. ನಗು ನುಂಗಿಕೊಂಡು ತಾನೇ ಹಗ್ಗದ ಆಚೆ ತುದಿಗೆ, ಮಾರುವವನ ಕಡೆಗೆ, ಹೋದಳು. ಬಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದಳು, ಎರಡೂ ಕೈಯಲ್ಲಿ ಎಳೆದು ಗಟ್ಟಿತನ ತೋರಿಸಿದಳು, ಹೂವಿನ ಮೇಲೆ ಬೆರಳಾಡಿಸಿ ಏನೇನೋ ಹೊಗಳಿದಳು. ಇವನು ಬಗ್ಗಲಿಲ್ಲ.

"ವೋ ವೇರ್ ನೋತ್ರ ಲೋಜ!" ಎಂದು ಗಲ್ಲಾ ಗುದ್ದಿದ. ಬೇರೆ ಅಂಗಡಿ ನೋಡ್ಕೋತೀನಿ ಅಂತ, ತನ್ನದೇ ಗಲ್ಲಾದ ಹಿಂದೆ ನಿಂತು!

ಹೆಂಗಸು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಚೀಟಿಯಲ್ಲಿದ್ದ ಬೆಲೆಗೇ ನಾಲ್ಕು ಕಿಟಕಿಯ ಬಟ್ಟೆ ಕತ್ತರಿಸಿಕೊಂಡಳು. ಮರುದಿನ ಅಕ್ಕಪಕ್ಕದವರನ್ನೂ ಕರೆತಂದಳು. ಮಾರುವವನೇ ತನ್ನ ಮಾಲನ್ನು ಹೀಯಾಳಿಸುವ ತಮಾಷೆ ಬೇರೆಲ್ಲಿ ಸಿಗಬೇಕು? ವಾರದಲ್ಲಿ ಹತ್ತೊಂಬತ್ತು ಕಿಟಕಿಗಳಲ್ಲಿ ಹಳದಿ ಹೂವು ಅರಳಿತು. ಉಳಿದ ಒಂಬತ್ತು, ಮೂಲೆ ಅಂಗಡಿಯ ಪಾಲಾದವು.

ಭಾನುವಾರ ಹೆಂಡತಿ ಪುಸ್ತಕ ಹಿಡಿದು ಇರುವೆ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದಳು. ಪರದೆಯಪ್ಪ ಪುಸ್ತಕ ಕಸಿದುಕೊಂಡು ಮುಚ್ಚಿಟ್ಟ. ಆಮೇಲೆ, "ನಂಗೊತ್ತಿತ್ತು" ಎಂದ.

ಸೋಮವಾರ ಭಾವಮೈದುನ ಬಂದ. "ಅದೇನು ಮೋಡಿ ಮಾಡಿದ್ರಿ ಭಾವ?"

"ವ್ಯಾಪಾರದ ಗುಟ್ಟು ಕಣಪ್ಪಾ. ಹೇಳೋ ಹಾಗಿಲ್ಲ."

"ಹೌದು ಕಣೋ, ಭಾರೀ ಗುಟ್ಟು," ಎಂದಳು ಹೆಂಡತಿ. "ನಿನ್ನೆವರೆಗೂ ಅವರಿಗೇ ಗೊತ್ತಿರ್ಲಿಲ್ಲ."

ಪರದೆಯಪ್ಪನಿಗೆ ಅದು ಕೇಳಿಸಲಿಲ್ಲ. ಕೇಳಿಸಬಾರದ್ದು ಅವನಿಗೆ ಕೇಳಿಸುವುದೇ ಇಲ್ಲ. ಭಾವಮೈದುನನ ಹೆಗಲ ಮೇಲೆ ಕೈಯಿಟ್ಟ.

"ಹೋಗ್ತಿದ್ದ ಹಾಗೇ ಆ ಸ್ಟೂಲ್ ಕಳಿಸಿಬಿಡು ಮಾರಾಯ. ಗಿರಾಕಿಗಳಿಗೆ ಕೂರೋಕೆ ಸಾಲ್ತಿಲ್ಲ."