ಮುದ್ರಕರ ಹೆಸರಿಲ್ಲದ ಕರಪತ್ರ

೨೦೨೩ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಕುರುಬರಹಳ್ಳಿಯಲ್ಲಿ ನನ್ನ ಆಫ್‌ಸೆಟ್ ಪ್ರೆಸ್ ನಡೆಯುತ್ತಿತ್ತು. ನೀತಿ ಸಂಹಿತೆ ಜಾರಿಯಾಯಿತೆಂದರೆ ನಮ್ಮ ಕಸುಬಿನವರು ಒಂದೊಂದು ಹಾಳೆಯನ್ನೂ ಎರಡೆರಡು ಸಲ ನೋಡುತ್ತೇವೆ. ಚುನಾವಣಾ ಕರಪತ್ರದ ಅಡಿಯಲ್ಲಿ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ ಜೈಲೂ ಆಗಬಹುದು. ಇಷ್ಟೆಲ್ಲ ಗೊತ್ತಿದ್ದೂ ಸಿಕ್ಕಿಬಿದ್ದೆ.

ಮಲ್ಲತ್ತಹಳ್ಳಿಯಿಂದ ಇತಿಹಾಸದ ಲೆಕ್ಚರರ್ ಸುನಂದಾ ಮೇಡಂ ಬಂದಿದ್ದರು. ಇಂಗ್ಲೆಂಡಿನೊಡನೆ ಒಂದಾಗಬೇಕೋ ಬೇಡವೋ ಎಂದು ಮುನ್ನೂರು ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ಜನ ಎರಡು ಬಣವಾಗಿ ಕರಪತ್ರಗಳಲ್ಲೇ ಕಚ್ಚಾಡಿದ್ದರಂತೆ. ಅದೇ ಧಾಟಿಯಲ್ಲಿ ಅವರ ವಿದ್ಯಾರ್ಥಿಗಳು ಕನ್ನಡದಲ್ಲೊಂದು ಕರಪತ್ರ ಬರೆದಿದ್ದರು. ಕಾಲೇಜಿನ ಪ್ರದರ್ಶನಕ್ಕೆ ಇನ್ನೂರು ಪ್ರತಿ ಬೇಕಿತ್ತು.

“ಆಗ ಎಷ್ಟೋ ಜನ ಪ್ರೆಸ್ ಹೆಸರೇ ಹಾಕ್ತಿರ್ಲಿಲ್ಲ ಸಾರ್. ಇದೂ ಹಾಗೇ ಇರ್ಲಿ, ಅಸಲಿ ಥರ ಕಾಣ್ಬೇಕು,” ಅಂದರು. ಸ್ಕಾಟ್ಲೆಂಡಿಗೂ ಕುರುಬರಹಳ್ಳಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದುಕೊಂಡು ಒಪ್ಪಿದೆ.

ಮರುದಿನ ಮಧ್ಯಾಹ್ನ ಫ್ಲೈಯಿಂಗ್ ಸ್ಕ್ವಾಡ್, ಅಂದರೆ ಚುನಾವಣಾ ಅಕ್ರಮ ಹುಡುಕುತ್ತ ತಿರುಗುವ ತಂಡ, ಒಳಗೆ ನುಗ್ಗಿತು. ಅಧಿಕಾರಿ ಮೇಲಿನ ಹಾಳೆ ಎತ್ತಿ ಓದಿದರು: “ಪಾರ್ಲಿಮೆಂಟನ್ನೇ ಮಾರಿಕೊಂಡ ಮಹನೀಯರೇ!” ಹಾಳೆ ತಿರುಗಿಸಿದರು. ಎಲ್ಲೂ ಹೆಸರಿರಲಿಲ್ಲ.

“ಯಾವ ಪಾರ್ಟೀದ್ರೀ ಇದು?”

“ಸ್ಕಾಟ್ಲೆಂಡ್‌ದು ಸಾರ್.”

“ತಮಾಷೆ ಮಾಡ್ತಿದೀರಾ?”

ಕಾಲೇಜಿನ ಪ್ರದರ್ಶನಕ್ಕೆ ಎಂದರೂ ಕೇಳಲಿಲ್ಲ. ಜೊತೆಗಿದ್ದ ಪೊಲೀಸಿನವರು ಮೆಷಿನ್ ನಿಲ್ಲಿಸಿ, ಬಾಗಿಲಿಗೆ ಸೀಲ್ ಹಾಕಲು ಬಟ್ಟೆ, ಅರಗು ತೆಗೆದರು. ಆ ಪ್ರೆಸ್ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಮನೆ ನಡೆಯುವುದೇ ಅದರಿಂದ. ತಕ್ಷಣ ಮೇಡಂಗೆ ಫೋನ್ ಮಾಡಿದೆ.

ಮೇಡಂ ಆಟೋ ಹಿಡಿದು ಓಡಿಬಂದರು, ಹಳೆಯ ಕರಪತ್ರಗಳ ಚಿತ್ರಗಳಿದ್ದ ದಪ್ಪ ಪುಸ್ತಕದ ಸಮೇತ. ಅಧಿಕಾರಿ ಅದನ್ನು ನಿಧಾನವಾಗಿ ತಿರುವಿದರು.

“ಅವರ್ಯಾಕಮ್ಮಾ ಹೆಸರು ಹಾಕ್ತಿರ್ಲಿಲ್ಲ?”

“ಹಾಕಿದ್ರೆ ಜೈಲು ಸಾರ್. ಬರ್ದೋರು ತಪ್ಪಿಸ್ಕೊಂಡ್ರೂ ಪ್ರಿಂಟರ್ ಸಿಕ್ಕಿಬೀಳ್ತಿದ್ದ.”

“ಇಲ್ಲಿ ಹಾಕ್ದೇ ಇದ್ರೆ ಜೈಲು,” ಎಂದು ಅವರು ನನ್ನನ್ನೇ ದಿಟ್ಟಿಸಿದರು.

ಪ್ರಿನ್ಸಿಪಾಲರು ಫೋನಿನಲ್ಲಿ ಮಾತಾಡಿದ ಮೇಲೆ ಅರಗು ಚೀಲಕ್ಕೆ ಮರಳಿತು. ಅಧಿಕಾರಿಯ ಎದುರೇ ಒಂದೊಂದು ಹಾಳೆಗೂ ಪ್ರೆಸ್ಸಿನ ರಬ್ಬರ್ ಸ್ಟಾಂಪ್ ಒತ್ತಿದೆ. ಪ್ರಕಾಶಕರ ಜಾಗದಲ್ಲಿ ಮೇಡಂ ಕಾಲೇಜಿನ ಹೆಸರು, ವಿಳಾಸ ಬರೆದರು.

ಅಂದಿನಿಂದ ಹೆಸರಿಲ್ಲದ ಹಾಳೆ ನನ್ನ ಪ್ರೆಸ್ಸಿನಿಂದ ಹೊರಬಿದ್ದಿಲ್ಲ. ಕಸುಬು ಕಲಿಸಿದ ಪಾಠ ಅದೇ ಎಂದು ಎಲ್ಲರಿಗೂ ಹೇಳುತ್ತೇನೆ. ಆದರೆ ಸ್ಟಾಂಪ್ ಒತ್ತುವಾಗ ನನ್ನನ್ನು ಕಾಡಿದ್ದು ಬೇರೆ. ನಾನು ಹೆಸರು ಒತ್ತಿ ಬಚಾವಾದೆ. ಆ ಕಾಲದ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನನ್ನಂಥ ಯಾವನೋ ಒಬ್ಬ, ಸರ್ಕಾರದವರು ಬಾಗಿಲು ಬಡಿದಾಗಲೆಲ್ಲ ಹೀಗೇ ಹೆದರಿ, ಬಡಿದವರು ಹೋದ ಮೇಲೆ ಮತ್ತೆ ಅದೇ ಕರಪತ್ರ ಅಚ್ಚು ಹಾಕಿರಬೇಕು. ನನ್ನ ಕೈಲಿ ಅದು ಆಗುತ್ತಿರಲಿಲ್ಲ.