ನಾಟಕದಲ್ಲಿ ಇಲ್ಲದ ಬಾಡಿಗೆದಾರ

ನಮ್ಮ ಮಾವನವರಿಗೆ ಕನ್ನಡ ಬರುವುದಿಲ್ಲ. ಅವರನ್ನು ನಾನು ಕನ್ನಡ ನಾಟಕಕ್ಕೆ ಕರೆದುಕೊಂಡು ಹೋದೆ. ತಪ್ಪು ಯಾರದು ಎಂದರೆ ಕಣ್ಣಿನ ಡಾಕ್ಟರದು. ಎಡಗಣ್ಣಿನ ಪೊರೆ ತೆಗೆದು ತಿಂಗಳಾದ ಮೇಲೆ, ಇನ್ನು ಏನು ಬೇಕಾದರೂ ನೋಡಬಹುದು ಎಂದು ಅಪ್ಪಣೆ ಕೊಟ್ಟವರು ಅವರು. ಮಾವನವರು ಎರಡು ದಿನ ಟಿವಿ ನೋಡಿ, ಹೊಸ ಕಣ್ಣನ್ನು ಇದಕ್ಕೆ ಹಾಳು ಮಾಡುವುದಿಲ್ಲ ಎಂದರು. ಚಿಕ್ಕಂದಿನಲ್ಲಿ ವರಂಗಲ್ ಕಡೆಯ ತಮ್ಮೂರಿನಲ್ಲಿ ಪೌರಾಣಿಕ ನಾಟಕಗಳನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿ ಬೆಳೆದವರು. ಜೀವಂತ ಮನುಷ್ಯರು ಎದುರಿಗೆ ನಿಂತು ಬೆವರುತ್ತ ಮಾತಾಡಬೇಕು, ಭಾಷೆ ಯಾವುದಾದರೂ ಆದೀತು ಎಂದರು. ನಾನು ರಾಯಚೂರಿನವಳು, ಹೈದರಾಬಾದಿನ ಒಂದು ಕನ್ನಡ ಸಂಘದ ಸದಸ್ಯೆ. ಆ ಭಾನುವಾರ ಮಧ್ಯಾಹ್ನದ ನಾಟಕಕ್ಕೆ ನನ್ನ ಹತ್ತಿರ ಎರಡು ಪಾಸ್ ಇದ್ದವು. ನನ್ನ ಗಂಡ ಗಚ್ಚಿಬೌಲಿಯ ಆಫೀಸಿಗೆ ಹೋಗಿದ್ದರು, ಅಥವಾ ಹಾಗೆಂದು ಹೇಳಿದ್ದರು. ಪಕ್ಕದಲ್ಲಿ ಕೂತು ಪಿಸುಮಾತಿನಲ್ಲಿ ತೆಲುಗಿಗೆ ಮಾಡಿ ಹೇಳುತ್ತೇನೆ ಎಂದು ಮಾವನವರಿಗೆ ಧೈರ್ಯ ಕೊಟ್ಟೆ. ಆ ಕೆಲಸದಲ್ಲಿ ನನಗೆ ಒಂಬತ್ತು ವರ್ಷದ ಅನುಭವವಿತ್ತು.

ಸಿಕಂದರಾಬಾದಿನ ನಮ್ಮ ಮನೆಗೆ ಎರಡು ಅಂತಸ್ತು. ಕೆಳಗೆ ಮಾವನವರು, ನನ್ನ ಗಂಡ ಮತ್ತು ನಾನು. ಮೇಲೆ ಮಾವನವರ ಒಬ್ಬನೇ ತಮ್ಮ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಮದುವೆಯಾಗದವರು, ತಮ್ಮ ಅಡುಗೆ ತಾವೇ ಮಾಡಿಕೊಳ್ಳುವವರು. ನಾನು ಅವರನ್ನು ಚಿಕ್ಕಮಾವ ಎನ್ನುತ್ತೇನೆ. ಅಂಗಳದಲ್ಲಿ ಅವರ ತಾಯಿ ನೆಟ್ಟ ಸೀತಾಫಲದ ಮರವೊಂದಿತ್ತಂತೆ. ನಮ್ಮ ಮದುವೆಯ ಚಪ್ಪರಕ್ಕೆ ಜಾಗ ಸಾಲದೆ, ಚಿಕ್ಕಮಾವ ಕಾಶಿಗೆ ಹೋಗಿದ್ದಾಗ ಮಾವನವರು ಅದನ್ನು ಕಡಿಸಿದರು. ಚಿಕ್ಕಮಾವ ಮದುವೆಯ ಹಿಂದಿನ ದಿನ ಬಂದರು, ಬೊಡ್ಡೆ ನೋಡಿದರು, ಮದುವೆ ಊಟ ಪೂರ್ತಿ ಮಾಡಿದರು, ಮಾರನೆಯ ದಿನದಿಂದ ಅಣ್ಣನ ಜೊತೆ ಮಾತು ಬಿಟ್ಟರು. ಹೀಗೆ ನಾನು ಆ ಮನೆಗೆ ಕಾಲಿಡುವ ಹೊತ್ತಿಗೇ ನನ್ನ ಹೆಸರಿನಲ್ಲಿ ಒಂದು ಮರವೂ ಒಂದು ಸಂಬಂಧವೂ ಹೋಗಿದ್ದವು.

ಮಾತು ಬಿಟ್ಟರೂ ಒಂದೇ ಮನೆಯಲ್ಲಿ ಹೇಳುವುದು ಕೇಳುವುದು ಇದ್ದೇ ಇರುತ್ತದೆ. ಅದೆಲ್ಲ ನನ್ನ ಪಾಲಿಗೆ ಬಂತು. ಅವರಿಬ್ಬರ ತೆಲುಗನ್ನು ಇಲ್ಲಿ ನಮ್ಮೂರ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೇರೆ ಕನ್ನಡದಲ್ಲಿ ನನಗೆ ಜಗಳ ಕೇಳಿಸುವುದಿಲ್ಲ. ಬದಲಾಯಿಸಿದ್ದು ಅಷ್ಟೇ.

"ಆ ಮನುಷ್ಯಾಗ ಹೇಳು, ಟ್ಯಾಂಕ್ ತುಂಬಿ ಹರ್ಯಾಕತ್ತೈತಿ. ಕಣ್ಣಿದ್ರ ಮೋಟರ್ ಬಂದ್ ಮಾಡ್ಲಿ" ಎಂದು ಮಾವನವರು ಕೆಳಗಿನಿಂದ ಕಳಿಸುತ್ತಿದ್ದರು. ಮೇಲಕ್ಕೆ ಹದಿನೆಂಟು ಮೆಟ್ಟಿಲು. ಆರನೆಯದಕ್ಕೆ 'ಆ ಮನುಷ್ಯ' ಉದುರುತ್ತಿತ್ತು, ಹನ್ನೆರಡನೆಯದಕ್ಕೆ ಕಣ್ಣು ಹೋಗುತ್ತಿತ್ತು. ಮೇಲೆ ಮುಟ್ಟುವ ಹೊತ್ತಿಗೆ "ನೀರು ತುಂಬೇತಂತ್ರಿ, ಕೈ ಖಾಲಿ ಇದ್ರ ಸ್ವಲ್ಪ ಸ್ವಿಚ್ ಆರಿಸ್ಬೇಕಂತ್ರಿ" ಎಂದಾಗುತ್ತಿತ್ತು. "ಮರ ಕಡಿಯೋರ ಕಣ್ಣಿಗಿಂತ ನನ್ನ ಕಣ್ಣು ಚೊಲೋ ಅದಾವು ಅಂತ ಹೇಳು" ಎಂಬ ಉತ್ತರ ಇಳಿಯುತ್ತ ಇಳಿಯುತ್ತ "ಆತಂತ್ರಿ" ಎಂದಾಗಿಬಿಡುತ್ತಿತ್ತು.

ತೆಗೆಯುವುದು ಕೈಗೆ ಹತ್ತಿದ ಮೇಲೆ ಸೇರಿಸುವುದೇನು ಕಷ್ಟವಲ್ಲ. ಕಣ್ಣಿನ ಆಪರೇಷನ್ ಆಗಿ ಮಾವನವರು ಮನೆಗೆ ಬಂದ ದಿನ, ಮೇಲಿನಿಂದ ಯಾರೂ ಕೆಳಗಿಳಿಯಲಿಲ್ಲ. ನನಗೆ ಕೆಡುಕೆನಿಸಿತು. ಸಂಜೆ, "ಚಿಕ್ಕಮಾವ ಹೆಂಗದಾರಂತ ಕೇಳಿದ್ರು" ಎಂದೆ. ಮಾವನವರು, "ಯಾವ ಕಣ್ಣಂತ ಕೇಳಿದ್ನೇನು?" ಎಂದರು. "ಎಡಗಣ್ಣಂತ ಅವರಿಗೇ ಗೊತ್ತಿತ್ತುರಿ" ಎಂದೆ. ಮುಂದಿನ ಒಂದು ವಾರ ಅವರು ಕಪ್ಪು ಕನ್ನಡಕ ಹಾಕಿಕೊಂಡು, ಮೇಲಿನ ಬಾಲ್ಕನಿಯಿಂದ ಕಾಣುವ ಜಾಗದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು.

ಇಂಥ ಅನುಭವದೊಂದಿಗೆ ನಾಂಪಲ್ಲಿ ಹತ್ತಿರದ ಆ ಸಭಾಂಗಣಕ್ಕೆ ಹೋದೆ. ಕರಪತ್ರದಲ್ಲಿ 'ಮನೆಮಂದಿಯೆಲ್ಲ ಕೂತು ನೋಡುವ ನಗೆ ನಾಟಕ' ಎಂದಿತ್ತು. ಮೊದಲು ದೀಪ ಹಚ್ಚಿದರು. ಫ್ಯಾನಿನ ಗಾಳಿಗೆ ಆರಿತು. ಫ್ಯಾನ್ ನಿಲ್ಲಿಸಿ ಮತ್ತೆ ಹಚ್ಚಿದರು, ಆಮೇಲೆ ಭಾಷಣಗಳು ಮುಗಿಯುವವರೆಗೆ ಫ್ಯಾನ್ ಹಾಕುವುದು ಯಾರಿಗೂ ನೆನಪಾಗಲಿಲ್ಲ. ಕೊನೆಗೊಮ್ಮೆ ಪರದೆ ಸರಿಯಿತು. ಎರಡು ಕುರ್ಚಿ, ಒಂದು ಬಾಗಿಲ ಚೌಕಟ್ಟು, ರಂಗದ ನಟ್ಟನಡುವೆ ಸುಣ್ಣದ ಗೆರೆ. ಗೆರೆಯ ಆಚೆ ತಮ್ಮ, ಈಚೆ ಅಣ್ಣ. ಮನೆ ಪಾಲಾಗಿತ್ತು, ಮಾತು ನಿಂತಿತ್ತು. ನಗೆ ನಾಟಕ ಎಂದು ಅಚ್ಚು ಹಾಕಿಸಿದವರನ್ನು ನಾನು ಮನಸ್ಸಿನಲ್ಲೇ ಬೈದೆ.

"ಏನಂತ?" ಎಂದು ಮಾವನವರು ಕಿವಿ ನನ್ನತ್ತ ತಂದರು. ನಿಜ ಹೇಳಿದರೆ ಏನಾಗುತ್ತದೆ ಎಂಬುದು ಸ್ಪಷ್ಟವಾಗಿತ್ತು. ಮಾವನಿಗೆ ಬುದ್ಧಿ ಕಲಿಸಲು ಸೊಸೆ ಹುಡುಕಿ ಹುಡುಕಿ ಈ ನಾಟಕಕ್ಕೆ ಕರೆತಂದಿದ್ದಾಳೆ ಎಂದುಕೊಳ್ಳುತ್ತಾರೆ. ಎದ್ದು ನಡೆಯುತ್ತಾರೆ. ಮನೆಯಲ್ಲಿ ಮಾತಾಡದವರು ಇಬ್ಬರಿದ್ದದ್ದು ಮೂವರಾಗುತ್ತೇವೆ.

"ಆಚೀ ಕಡೆ ಇರಾಂವ ಬಾಡಿಗೆದಾರ ರೀ. ಮನಿ ಬಿಡವಲ್ಲ" ಎಂದೆ.

ಮಾವನವರು ತಹಸೀಲ್ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವರು. ಸಮಾಧಾನದಿಂದ ಕುರ್ಚಿಗೆ ಒರಗಿದರು. ತಮ್ಮನ ಪಾತ್ರದವನು "ಅಣ್ಣಾ!" ಎಂದು ಕೂಗಿದಾಗ ಮಾತ್ರ ನನ್ನನ್ನು ನೋಡಿದರು. ತೆಲುಗಿನಲ್ಲೂ ಅದೇ ಮಾತಲ್ಲವೇ. "ಹೈದರಾಬಾದದಾಗ ಆಟೋದವ್ನಿಗೂ ಅಣ್ಣಾ ಅಂತಾರ್ರಿ" ಎಂದೆ. ಒಪ್ಪಿದರು. ಒಪ್ಪದವರು ನನ್ನ ಇನ್ನೊಂದು ಪಕ್ಕದಲ್ಲಿ ಕೂತಿದ್ದ ಇಳಕಲ್ ಸೀರೆಯ ಹಿರಿಯ ಹೆಂಗಸು. ಅವರಿಗೆ ತೆಲುಗೂ ಬರುತ್ತಿತ್ತು, ಕಿವಿಯೂ ಚುರುಕಾಗಿತ್ತು.

"ಏನವ್ವಾ, ಆಗಿಂದ ಕೇಳಾಕತ್ತೀನಿ. ಈ ನಾಟಕದಾಗ ಬಾಡಿಗೆದಾರ ಎಲ್ಲಿಂದ ಬಂದ? ಅವರಿಬ್ರೂ ಒಡಹುಟ್ಟಿದವರು!"

"ನಮ್ಮ ಮಾವನವ್ರಿಗೆ ಮನಿ ಜಗಳ ಆಗಿಬರೂದಿಲ್ರಿ" ಎಂದೆ.

"ಹಂಗಂದ್ರ ಸರ್ಕಸ್ಸಿಗೆ ಕರ್ಕೊಂಡು ಹೋಗಬೇಕಿತ್ತು" ಎಂದು ಅವರು ಸೆರಗು ಸರಿಮಾಡಿಕೊಂಡು ಆಚೆ ತಿರುಗಿದರು.

ಇಷ್ಟೆಲ್ಲ ಸುಳ್ಳಿನ ನಡುವೆಯೂ ನಾನು ನಾಟಕ ನೋಡುತ್ತಿದ್ದೆ. ನೋಡದೆ ಇರಲು ಸಾಧ್ಯವಿರಲಿಲ್ಲ. ಅಣ್ಣನ ಪಾತ್ರ ಮಾಡಿದವರು ಹೈದರಾಬಾದಿನಲ್ಲೇ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು ಎಂದು ಕರಪತ್ರ ಹೇಳುತ್ತಿತ್ತು. ಕುಳ್ಳಗಿದ್ದರು, ದನಿಯೂ ದೊಡ್ಡದಲ್ಲ. ಉಳಿದ ನಟರು ತಮ್ಮ ಮಾತು ಮುಗಿಸಿ, ಮುಂದಿನ ಸರದಿಗಾಗಿ ಬಸ್‌ಸ್ಟಾಪಿನಲ್ಲಿ ನಿಂತವರ ಹಾಗೆ ನಿಲ್ಲುತ್ತಿದ್ದರು. ಇವರು ಎದುರಿನವರ ಮಾತು ಕೇಳುತ್ತಿದ್ದರು. ಸುಮ್ಮನೆ ಕೂತು ಪೇಪರ್ ಮಡಿಸುತ್ತಿದ್ದರೂ, ಗೆರೆಯಾಚೆ ತಮ್ಮ ಕೆಮ್ಮಿದರೆ ಇವರ ಕೈ ಅರೆಗಳಿಗೆ ನಿಲ್ಲುತ್ತಿತ್ತು. ಆಮೇಲೆ ಏನೂ ಆಗದವರಂತೆ ಮಡಿಸುವುದನ್ನು ಮುಂದುವರಿಸುತ್ತಿದ್ದರು. ನಾನು ಬಾಡಿಗೆದಾರನ ಸಂಸಾರವನ್ನು ಕಟ್ಟುತ್ತ ಕಟ್ಟುತ್ತ ಆ ಕೈಯನ್ನೇ ನೋಡುತ್ತಿದ್ದೆ.

ಮಧ್ಯಂತರದಲ್ಲಿ ಮಿರ್ಚಿ ಬಜ್ಜಿ ಮತ್ತು ಚಹಾ. ಮಾವನವರಿಗೆ ಬಜ್ಜಿಗಿಂತ ಪ್ರಕರಣದಲ್ಲಿ ಆಸಕ್ತಿ ಇತ್ತು.

"ನೋಟೀಸ್ ಕೊಟ್ಟಾರೇನು?"

"ಕೊಟ್ಟಾರ್ರಿ."

"ಬಾಯಿಮಾತಿನಾಗೋ, ರಿಜಿಸ್ಟರ್ಡ್ ಪೋಸ್ಟಿನಾಗೋ?"

"ರಿಜಿಸ್ಟರ್ಡ್" ಎಂದೆ. ಹಾಗಿದ್ದರೆ ಮೂರನೆಯ ಅಂಕದಲ್ಲಿ ಖಾಲಿ ಮಾಡಿಸಬಹುದು ಎಂದು ಅವರು ಚಹಾ ಮುಗಿಸಿದರು.

ಮೂರನೆಯ ಅಂಕ ತಾಯಿಯ ತಿಥಿಯ ದಿನ. ತಮ್ಮ ಗೆರೆ ದಾಟಿ ಅವಸರದಲ್ಲಿ ಓಡಿ ಬಂದ. ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು. "ನನ್ನ ಹೊಸ್ತಿಲ ತುಳೀಬ್ಯಾಡ, ನಡಿ ಹೊರಗ!" ಎಂದು ಕೂಗುತ್ತ ಅಣ್ಣ ಎದ್ದು ಅವನ ಮೇಲೆ ಹೋದರು. ಕೈ ಎತ್ತಿದರು, ಹೊಡೆಯುತ್ತಾರೆ ಎಂದುಕೊಂಡೆವು. ಆ ಕೈ ಅಂಗಿಯ ಮೇಲೆ ಇಳಿಯಿತು. ಬಾಯಿ ಬೈಯುತ್ತಲೇ ಇತ್ತು, ಒಂದು ಬೈಗುಳವೂ ಕಡಿಮೆಯಾಗಲಿಲ್ಲ. ಬೆರಳುಗಳು ಮಾತ್ರ ಒಂದೊಂದೇ ಗುಂಡಿ ಬಿಚ್ಚಿ, ಸರಿಯಾದ ತೂತಿಗೆ ಹಾಕುತ್ತ ಮೇಲಕ್ಕೆ ಬಂದವು. ಕೊರಳಿನ ಗುಂಡಿಗೆ ಬಂದಾಗ ಅವರಿಗೆ ತಾವು ಮಾಡುತ್ತಿರುವುದು ಗೊತ್ತಾಯಿತು. ಬೈಗುಳ ನಡುವೆಯೇ ನಿಂತಿತು. ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು, ಬೇರೆ ಯಾರದೋ ಕೈ ಎಂಬಂತೆ ನೋಡಿದರು. ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ನನಗೆ ತೆಲುಗಿಗೆ ಮಾಡಿ ಹೇಳಬೇಕೆಂಬುದೇ ಮರೆತುಹೋಗಿತ್ತು.

ಮಾವನವರು ನನ್ನತ್ತ ತಿರುಗದೆ ಹೇಳಿದರು: "ಬಾಡಿಗೆದಾರನ ಗುಂಡಿ ಯಾರೂ ಹಾಕೂದಿಲ್ಲಮ್ಮ. ಅಂವ ತಮ್ಮ."

ನಾನು ಬಾಯಿ ತೆರೆದೆ. "ನೀ ಇನ್ನ ಮಾತಾಡಬ್ಯಾಡ. ನನಗ ನೋಡಬೇಕು" ಎಂದರು. ಉಳಿದದ್ದನ್ನು ಅವರು ಒಬ್ಬರೇ ನೋಡಿದರು. ಇಳಕಲ್ ಸೀರೆಯವರು ಇಡೀ ಮಧ್ಯಾಹ್ನ ಇದಕ್ಕೇ ಕಾದಿದ್ದವರಂತೆ ನನ್ನ ಮೊಣಕೈ ತಿವಿದರು. ಪರದೆ ಬಿದ್ದಾಗ ಮಾವನವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಉಜ್ಜಬಾರದು ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಆ ಮಧ್ಯಾಹ್ನ ನಾನು ಆಡಿದ ಮೊದಲ ನಿಜ ಅದು.

ಮೆಟ್ರೋ ಹತ್ತಿ ಅಮೀರ್‌ಪೇಟ್‌ಗೆ ಬಂದೆವು. ಅಲ್ಲಿ ಮೆಟ್ರೋ ಬದಲಿಸಬೇಕು. ಬೆನ್ನಿಗೆ ಚೀಲ ಹಾಕಿದ ಕೋಚಿಂಗ್ ಹುಡುಗರ ನೂಕುನುಗ್ಗಲಿನಲ್ಲಿ ಅವರಿಗೊಂದು ಬೆಂಚು ಹಿಡಿದು ಕೊಟ್ಟೆ. ಕೂತ ಮೇಲೆ ಕೇಳಿದರು: "ನಮ್ಮ ಮನಿ ಮೆಟ್ಟಿಲ ಮ್ಯಾಲೂ ಹಿಂಗನ ಹೇಳ್ತಿಯೇನು?"

ಬರಬಾರದ ಪ್ರಶ್ನೆಯೇನಲ್ಲ. ಒಂಬತ್ತು ವರ್ಷ ತಡವಾಗಿ ಬಂದಿತ್ತು, ಅಷ್ಟೇ.

"ಹೌದ್ರಿ" ಎಂದೆ.

"ಎಷ್ಟರಮಟ್ಟಿಗೆ?"

"ನೀವು ಬೈದದ್ದು ಅವರಿಗೆ ಮುಟ್ಟಿಲ್ರಿ. ಅವರು ಬೈದದ್ದು ನಿಮಗ ಮುಟ್ಟಿಲ್ಲ."

ಒಂದು ರೈಲು ಬಂದು ಹೋಯಿತು. ನಾವು ಏಳಲಿಲ್ಲ. "ಕಣ್ಣಿಂದು?" ಎಂದರು.

ಅಲ್ಲಿ ಇನ್ನೊಂದು ಸುಳ್ಳು ಹೇಳಬಹುದಿತ್ತು. ಆ ಗುಂಡಿಗಳನ್ನು ನೋಡಿದ ಮೇಲೆ ನಾಲಿಗೆ ಹೊರಳಲಿಲ್ಲ. "ಅವರು ಕೇಳಿರಲಿಲ್ರಿ. ನಾನ ಸೇರಿಸಿದ್ದು."

ಮಾವನವರು ತಲೆಯಾಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಅವರು ಸುಖವಾಗಿ ಕೂತಿದ್ದ ಆ ಒಂದು ವಾರವನ್ನು ನಾನು ಜನಜಂಗುಳಿಯ ನಡುವೆ ಕಿತ್ತುಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಸಿಕಂದರಾಬಾದಿನಲ್ಲಿ ಇಳಿಯುವವರೆಗೂ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಸೋಮವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಮಾವನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಎಲ್ಲಿಗೆ ಎಂದೆ. ಮೆಟ್ಟಿಲು ಹತ್ತತೊಡಗಿದರು. ಮೊಣಕಾಲು ನೋವಿನವರು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ನಿಲ್ಲಬೇಕು. ನಾನು ಕೆಳಗೇ ನಿಂತೆ. ಮೇಲಿನ ಬಾಗಿಲು ತೆರೆದ ಸದ್ದು ಕೇಳಿತು. "ಏನು?" ಎಂದರು ಚಿಕ್ಕಮಾವ.

"ನನ್ನ ಕಣ್ಣು ಹೆಂಗೈತಂತ ನೀ ಕೇಳಿಲ್ಲಂತ!"

"ನನಗ ಯಾರು ಹೇಳಿದ್ರು? ಆಸ್ಪತ್ರಿಗೆ ಹೋಗೂ ಮುಂದ ನನಗೊಂದು ಮಾತು ಹೇಳಿದ್ದೇನು?"

ಅಲ್ಲಿಂದ ಶುರುವಾಯಿತು. ಮರ ಬಂತು, ಬೊಡ್ಡೆ ಬಂತು, ತಾಯಿ ಬಂದರು, ಕಾಶಿ ಬಂತು. ನಾನು ಒಂಬತ್ತು ವರ್ಷ ದಾರಿಯಲ್ಲಿ ಉದುರಿಸಿದ್ದ ಮಾತುಗಳೆಲ್ಲ, ಒಂದೂ ಬಿಡದೆ, ಅರ್ಧ ಗಂಟೆಯಲ್ಲಿ ಆಡಿ ಮುಗಿದವು. ಎದುರುಮನೆಯವರು ಕಿಟಕಿ ತೆರೆದರು. ಕೊನೆಗೆ ಚಿಕ್ಕಮಾವ, "ನನಗ ಜ್ವರ ಬಂದಾಗ ಗಂಜಿ ಕಳಿಸಿದ್ದಿಯಲ್ಲ, ಆಗ ಮಾತ್ರ ಅಣ್ಣ ಆಗಿದ್ದಿ" ಎಂದರು.

"ನಾ ಯಾವ ಗಂಜಿನೂ ಕಳಿಸಿಲ್ಲ" ಎಂದರು ಮಾವನವರು.

ಆಮೇಲೆ ಇಬ್ಬರೂ ಒಟ್ಟಿಗೆ ನನ್ನನ್ನು ಕೂಗಿದರು.

ಹೋದೆ. ಒಂದೇ ಮಂಚದ ಎರಡು ತುದಿಯಲ್ಲಿ ಕೂತಿದ್ದರು. ನಾನು ಎಂಥ ಸುಳ್ಳಿ ಎಂಬ ವಿಷಯದಲ್ಲಿ ಅವರಿಗೆ ಒಂದೇ ಅಭಿಪ್ರಾಯವಿತ್ತು; ನಾನು ನೋಡಿದ ಹಾಗೆ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು. ಒಬ್ಬರು ಬೈದು ದಣಿದರೆ ಇನ್ನೊಬ್ಬರು ಎತ್ತಿಕೊಂಡರು. ನಿಂತು ಎಲ್ಲ ಕೇಳಿದೆ. ಕಣ್ಣಲ್ಲಿ ನೀರು ಬಂತು, ಬೈಸಿಕೊಂಡದ್ದಕ್ಕೆ ಎಂದು ಅವರು ತಿಳಿದರು. ಚಿಕ್ಕಮಾವ ದನಿ ತಗ್ಗಿಸಿ, ಹೋಗಿ ಚಹಾ ಮಾಡು ಎಂದರು. ಅವರ ಒಲೆಯ ಮೇಲೆ ನೀರಿಟ್ಟೆ.

"ಸಕ್ಕರಿ ಎಷ್ಟಂತ ಅಂವಗ ಕೇಳು" ಎಂದರು ಮಾವನವರು. ಇಬ್ಬರ ನಡುವೆ ಒಂದು ಮಾರೂ ದೂರವಿರಲಿಲ್ಲ.

"ಎರಡು ಚಮಚ ಅಂತ ಹೇಳು" ಎಂದರು ಚಿಕ್ಕಮಾವ.

ನಾನು ಸೌಟು ಹಿಡಿದುಕೊಂಡು ಸುಮ್ಮನೆ ನಿಂತೆ. ನೀರು ಕುದಿಯುತ್ತಿತ್ತು. ಮಾವನವರು ನನ್ನನ್ನು ನೋಡಿದರು, ಒಲೆಯನ್ನು ನೋಡಿದರು, ಆಮೇಲೆ ಮಂಚದ ಆ ತುದಿಗೆ ತಿರುಗಿದರು.

"ಎರಡು ಬ್ಯಾಡೋ" ಎಂದರು. "ಅಪ್ಪಗ ಸಕ್ಕರಿ ಬ್ಯಾನಿ ಇತ್ತು. ಒಂದ ಹಾಕ್ಕೊ."