ಡೆಲ್ಫಕ್ಕನ ಹಗುರ ಕೋವಿ

ಅಮೆರಿಕದ ವಯೋಮಿಂಗ್ ಬೆಟ್ಟಗಳಲ್ಲಿ ಎಲ್ಕ್ ಕಡವೆಗಳ ಬೇಟೆಯಾಡುತ್ತಲೇ ಡೆಲ್ಫಾಗೆ ಅರವತ್ತಾರು ತುಂಬಿತ್ತು. ಹೋದ ವರ್ಷ ಕೋವಿಯ ಭಾರಕ್ಕೆ ಮಂಡಿ ಸೋತು, ಬೆಟ್ಟದ ನೆತ್ತಿ ಮುಟ್ಟದೆ ಅರ್ಧದಾರಿಯಿಂದ ಮರಳಿದ್ದಳು. ಈ ಸಲ ಹತ್ತಲೇಬೇಕೆಂದು, ಬೇಟೆಯ ಬೆನ್ನುಚೀಲದ ಜೊತೆ ಅಡಿಗೆಮನೆಯ ತಕ್ಕಡಿಯನ್ನೂ ಹೊತ್ತು, ಹಗುರವಾದ ಹೊಸ ಕೋವಿ ಮಾಡಿಸಲು ಕೋವಿ ತಯಾರಿಸುವ ಆರ್ಲೋನ ಅಂಗಡಿಗೆ ಗಂಡನ ಜೊತೆ ಬಂದಳು.

ಮರದ ಹಿಡಿ ಬಿಟ್ಟು ಕಾರ್ಬನ್ ಹಿಡಿ ಆರಿಸಿದಳು. ಕೋವಿಯ ಮೇಲೆ ಕೂರಿಸುವ ದುರ್ಬೀನುಗಳನ್ನೆಲ್ಲ ತೂಗಿ ಅತಿ ಚಿಕ್ಕದನ್ನು ತೆಗೆದಿಟ್ಟಳು. ನಳಿಗೆಯ ವಿಷಯದಲ್ಲಿ ಮಾತ್ರ ಆರ್ಲೋ ಅಡ್ಡ ನಿಂತ.

“ತೀರಾ ತೆಳ್ಳಂದು ಬೇಡ ಡೆಲ್ಫಕ್ಕ. ಎರಡು ಗುಂಡಿಗೇ ಬಿಸಿಯಾಗಿ ದೂರದ ಗುರಿ ತಪ್ಪುತ್ತೆ. ಗಾಯವಾದ ಮೃಗದ ಹಿಂದೆ ಓಡ್ತೀರಾ, ಆ ಮಂಡಿ ಇಟ್ಕೊಂಡು?”

“ದಪ್ಪಂದು ಕಾಲು ಕೆಜಿ ಜಾಸ್ತಿ ಕಣಪ್ಪ. ಅದನ್ನ ಎಲ್ಲಿ ಇಳಿಸ್ಲಿ?”

ಮೂಲೆಯಲ್ಲಿದ್ದ ಗಂಡ ವೆಂಡೆಲ್ ಅವಳ ಚೀಲಕ್ಕೆ ಕೈಹಾಕಿ, ಕಬ್ಬಿಣದ ಬಾಣಲೆ ಎಳೆದು ತಕ್ಕಡಿಯ ಮೇಲಿಟ್ಟ. ಎರಡು ಕೆಜಿ.

“ಗ್ರಾಂ ಲೆಕ್ಕ ಹಾಕೋ ಮಹಾತಾಯಿ, ಇದೇನೇ?”

ಬೇಟೆ ಬಿದ್ದಲ್ಲೇ ಅದರ ಲಿವರ್ ಹುರಿದು ತಿನ್ನುವುದು ಅವಳ ತಾಯಿಯ ಕಾಲದಿಂದ ಬಂದ ಪದ್ಧತಿ. ಆ ಬಾಣಲೆಯೂ ತಾಯಿಯದೇ. ಅದನ್ನು ಭಾರವೆಂದು ಅವಳು ಎಣಿಸಿಯೇ ಇರಲಿಲ್ಲ.

ಅವಳು ಬಾಣಲೆಯನ್ನು ಗಂಡನ ಕೈಗಿಟ್ಟಳು.

“ಲಿವರ್ ತಿನ್ನೋನು ನೀನು ತಾನೆ? ನೀನೇ ಹೊರು. ಆರ್ಲೋ, ದಪ್ಪ ನಳಿಗೆನೇ ಹಾಕು.”

ಅಕ್ಟೋಬರಿನಲ್ಲಿ ನೆತ್ತಿಯ ಬಯಲಲ್ಲಿ ಒಂದೇ ಗುಂಡಿಗೆ ಎಲ್ಕ್ ಮಲಗಿತು. ಅರ್ಧ ಗಂಟೆ ಕಳೆದ ಮೇಲೆ ವೆಂಡೆಲ್ ಏದುಸಿರು ಬಿಡುತ್ತ ಬಾಣಲೆ ಹೊತ್ತು ಬಂದ. ಡೆಲ್ಫಾ ಆಗಲೇ ಬೆಂಕಿ ಹೊತ್ತಿಸಿ, ಈರುಳ್ಳಿ ಹೆಚ್ಚಿಟ್ಟು ಕಾಯುತ್ತಿದ್ದಳು.